ಶಾಲು ಹೊದ್ದ ಅಮ್ಮ

ಜೂನ್ ೧೪

ತಂಗೀ,

ಬಂದು ಮುಟ್ಟಿ ವಾರದ ಮೇಲಾಯಿತು. ಎರಡು ಬಸ್ಸು, ಒಂದು ಲಾರಿ, ಕೊನೆಗೆ ಗಣಿಯವರ ಜೀಪು. ನನ್ನ ಸೊಂಟ ಇನ್ನೂ ಆ ಲಾರಿಯಿಂದ ಇಳಿದಿಲ್ಲ ಅಂದುಕೋ. ಇಲ್ಲಿ ಎಲ್ಲದರ ಮೇಲೂ ಬೂದು ಧೂಳು. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಲ್ಲಿ ಹೆಸರು ಬರೆಯಬಹುದು. ಆಸ್ಪತ್ರೆ ಎಂದರೆ ಒಂದು ಉದ್ದನೆಯ ಕೋಣೆ, ಒಬ್ಬ ಡಾಕ್ಟರು, ಹೆಡ್ ನರ್ಸ್ ಆಗಿ ನಾನು, ನನ್ನ ಮುಖ ಕಂಡರೆ ಟ್ರೇ ಕೆಳಗೆ ಹಾಕುವ ಇಬ್ಬರು ಹೊಸ ಹುಡುಗಿಯರು. ಕ್ವಾರ್ಟರ್ಸಿನಲ್ಲಿ ಒಂದು ಮಂಚ, ಒಂದು ಕಿಟಕಿ. ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಬಾಗಿಲ ಮೇಲೇ ಅಂಟಿಸಿದ್ದಾರೆ.

ನನ್ನ ಮಿಡತೆ ಊಟ ಮಾಡುತ್ತಾಳಾ? ನಿನ್ನ ಶಾಲೆಗೆ ಹೊಂದಿಕೊಂಡಳಾ? ಹೊಟ್ಟೆಯಲ್ಲಿದ್ದಾಗಲೇ ಹಾರುತ್ತಿದ್ದ ಹುಡುಗಿ, ಬಸ್‌ಸ್ಟ್ಯಾಂಡಿನಲ್ಲಿ ಕಂಬದ ಹಾಗೆ ನಿಂತಿದ್ದಳು. ಅವಳ ಅಪ್ಪ ಇನ್ನೊಂದು ಸಂಸಾರ ಹೂಡಿ ಕೈತೊಳೆದುಕೊಂಡ ಮೇಲೆ ನನಗೆ ಈ ಕೆಲಸ ಬಿಟ್ಟು ಬೇರೆ ಗತಿಯಿರಲಿಲ್ಲ. ಅದು ನಿನಗೆ ಗೊತ್ತು, ಅವಳಿಗೆ ಗೊತ್ತಿಲ್ಲ.

ಒಂದು ಮಾತು ಹೇಳುತ್ತೇನೆ, ನಿನ್ನ ಹೊಟ್ಟೆಯಲ್ಲೇ ಇಟ್ಟುಕೋ. ಇಲ್ಲಿ ಮೊದಲ ವಾರ ನನಗೆ ಗಾಢ ನಿದ್ದೆ ಬಂತು. ಯಾರೂ ‘ಅಮ್ಮಾ’ ಅನ್ನಲಿಲ್ಲವಲ್ಲ, ಅದಕ್ಕೇ ಇರಬೇಕು. ಎದ್ದ ಮೇಲೆ ನಾಚಿಕೆಯಾಯಿತು.

ಹಸಿರು ಶಾಲನ್ನು ನಿನ್ನ ಬಾಗಿಲ ಹಿಂದಿನ ಮೊಳೆಯಲ್ಲೇ ಮರೆತು ಬಂದೆ. ಇಲ್ಲಿ ಸೆಕೆ, ಬೇಕಾಗಿಲ್ಲ. ಭಾನುವಾರ ಆಫೀಸಿನಿಂದ ಫೋನ್ ಮಾಡುತ್ತೇನೆ. ನಿನ್ನ ಕಪ್ಪೆ ಕುಣಿಸುವ ಕೆಲಸ ಹೇಗಿದೆ? ಇನ್ನೂ ಸಂಬಳ ಕೊಡುತ್ತಿದ್ದಾರಾ?

ಅಕ್ಕ


ಜುಲೈ ೨

ಅಕ್ಕ,

ಮಿಡತೆ ಹಾರುತ್ತಿಲ್ಲ. ಇದಕ್ಕೆ ಬೆಣ್ಣೆ ಸವರಿ ಹೇಳಲು ನನಗೆ ಬರುವುದಿಲ್ಲ. ನೀನು ಹೋದಾಗಿನಿಂದ ಮಾತು ಕಡಿಮೆಯಾಗಿತ್ತು. ಭಾನುವಾರ ಫೋನಿನಲ್ಲಿ ನಿನ್ನ ದನಿ ಕೇಳಿದ ಮೇಲೆ ಪೂರ್ತಿ ನಿಂತಿತು. ರಿಸೀವರ್ ಕೆಳಗಿಟ್ಟು ಮಂಚದ ಕೆಳಗೆ, ಬೀರುವಿನ ಹಿಂದೆ ನಿನ್ನನ್ನು ಹುಡುಕಿದಳು. ಹಾಸಿಗೆ ದಿನವೂ ಒದ್ದೆ. ಆದ್ದರಿಂದ ಇನ್ನು ಫೋನು ಬೇಡ. ಕಾಗದ ಬರೆ. ನೀನು ನರ್ಸು, ಗಾಯವನ್ನು ಮತ್ತೆ ಮತ್ತೆ ಬಿಚ್ಚಿ ನೋಡಬಾರದು ಎಂದು ನಿನಗೆ ನಾನು ಹೇಳಬೇಕೇ?

ಕಪ್ಪೆ ಕುಣಿಸುವ ಕೆಲಸಕ್ಕೆ ಸಂಬಳ ಬರುತ್ತಿದೆ. ನಾಟಕದ ಪಾಠಕ್ಕೆ ಹೆಡ್‌ಮಾಸ್ತರು ಹಳೆಯ ಆಟದ ಸಾಮಾನಿನ ಕೋಣೆ ಕೊಟ್ಟಿದ್ದಾರೆ. ಹರಿದ ಚಾಪೆ, ಗಾಳಿ ಹೋದ ಚೆಂಡು, ರಬ್ಬರಿನ ವಾಸನೆ. ನನ್ನ ಪಠ್ಯಪುಸ್ತಕ ಒಂದು ಕೋಲು. ಮಕ್ಕಳು ವೃತ್ತವಾಗಿ ಕೂತು ಅದನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಕೈಗೆ ಬಂದಾಗ ಅದು ಕೋಲಾಗಿರಬಾರದು. ಒಬ್ಬ ಅದನ್ನು ಆನೆಯ ಕಂಕುಳಿಗೆ ಥರ್ಮಾಮೀಟರ್ ಮಾಡಿ ಇಟ್ಟ, ಇನ್ನೊಬ್ಬಳು ಅದರಿಂದ ಮೋಡ ಕಲಕಿದಳು. ತಪ್ಪು ಉತ್ತರ ಎಂಬುದೇ ಇಲ್ಲ. ಲೆಕ್ಕದಲ್ಲಿ ಸೊನ್ನೆ ತೆಗೆದುಕೊಳ್ಳುವ ಮಗು ಇಲ್ಲಿ ಎದೆಯುಬ್ಬಿಸಿ ಕೂರುತ್ತದೆ. ಆಮೇಲೆ ಪ್ರಶ್ನೆ ಕುರ್ಚಿ. ಕೂತವರು ಒಂದು ಪಾತ್ರ, ಉಳಿದವರು ಬಾಯಿಗೆ ಬಂದದ್ದು ಕೇಳಬಹುದು. ನಾನೂ ಕೂರುತ್ತೇನೆ. ಮೈಮೇಲೆ ಏನಾದರೂ ಹೊದ್ದರೆ ನಾನು ಪಾತ್ರ, ತೆಗೆದರೆ ಟೀಚರ್. ಪಾತ್ರದಲ್ಲಿದ್ದಾಗ ನಗುವಂತಿಲ್ಲ, ಅಳುವಂತಿಲ್ಲ, ಸುಳ್ಳು ಹೇಳುವಂತಿಲ್ಲ. ಆಡಿದವರಿಗೆಲ್ಲ ಚಪ್ಪಾಳೆ.

ಮಿಡತೆ ಕೋಲನ್ನು ಮುಂದಿನವರಿಗೆ ದಾಟಿಸಿಬಿಡುತ್ತಾಳೆ. ಆದರೆ ನಿನ್ನೆ ಕನ್ನಡಿಯ ಆಟದಲ್ಲಿ ನಾನು ಎದುರು ಕೂತು ಕೈ ಎತ್ತಿದಾಗ ಅವಳೂ ನಿಧಾನವಾಗಿ ಕೈ ಎತ್ತಿದಳು.

ಅವಳನ್ನು ಹೇಗೆ ಮಲಗಿಸುತ್ತಿದ್ದೆ? ಹೇಗೆ ಗದರುತ್ತಿದ್ದೆ? ವಿವರವಾಗಿ ಬರೆ. ನನ್ನ ಕೈಗೆ ಬಗ್ಗುತ್ತಿಲ್ಲ.

ತಂಗಿ


ಜುಲೈ ೧೯

ತಂಗೀ,

ಫೋನ್ ಮಾಡುವುದಿಲ್ಲ. ನಿನ್ನ ಮಾತು ಸರಿಯೇ ಇರಬೇಕು. ಭಾನುವಾರ ಬಂದರೆ ಮಾತ್ರ ಆಫೀಸಿನ ಕಡೆ ಹೋಗದಿರಲು ವಾರ್ಡಿನಲ್ಲಿ ಸುಮ್ಮನೆ ಬೆಡ್‌ಶೀಟು ಮಡಿಸುತ್ತೇನೆ.

ಮಲಗಿಸುವುದು ಸುಲಭ, ಕ್ರಮ ತಪ್ಪಬಾರದು ಅಷ್ಟೆ. ಮೊದಲು ತಣ್ಣೀರಿನಲ್ಲಿ ಕೈ ತೊಳೆದುಕೋ. ಅವಳು ಹುಟ್ಟಿದಾಗಿನಿಂದ ನಾನು ಕೈ ತೊಳೆಯದೆ ಮುಟ್ಟಿದ್ದಿಲ್ಲ. ನನ್ನ ತಣ್ಣನೆಯ ಕೈ ತಗುಲಿದರೆ ‘ಬಂತು ಐಸು’ ಅನ್ನುತ್ತಾಳೆ. ಆಮೇಲೆ ಕವುಚಿ ಮಲಗಿಸಿ ಬೆನ್ನ ಮೇಲೆ ಎರಡು ಬೆರಳಲ್ಲಿ ಕೋಳಿ ನಡೆಸಬೇಕು. ಕತ್ತಿನಿಂದ ಶುರು ಮಾಡಿ ಸೊಂಟದ ಹತ್ತಿರ ನಿಲ್ಲಿಸಿ, ‘ಕಾಳು ಎಲ್ಲಿ ಬಚ್ಚಿಟ್ಟೆ?’ ಅನ್ನು. ಗಟ್ಟಿಯಾಗಿ ಅಲ್ಲ, ಗಂಟಲಲ್ಲೇ. ಅವಳು ‘ಹೊಟ್ಟೇಲಿ’ ಅಂದು ನಗುತ್ತಾಳೆ. ಮತ್ತೆ ಕೋಳಿ ಮೇಲಕ್ಕೆ ಹೋಗಬೇಕು.

ಗದರುವುದಕ್ಕೆ ನಾನು ಕೂಗುವುದಿಲ್ಲ. ‘ಸರಿ’ ಎಂದು ಒಂದೇ ಮಾತು ಹೇಳಿ, ಬೆನ್ನು ತಿರುಗಿಸಿ ಬಟ್ಟೆ ಮಡಿಸಲು ಕೂರುತ್ತೇನೆ. ತಾನಾಗೇ ಬಂದು ಮಡಿಲಲ್ಲಿ ತಲೆ ತೂರಿಸುತ್ತಾಳೆ.

ಇದನ್ನೆಲ್ಲ ಬರೆಯುವಾಗ ನಗು ಬಂತು. ಕೆಲಸದವರಿಗೆ ಡ್ಯೂಟಿ ಒಪ್ಪಿಸಿದ ಹಾಗಿದೆ. ಆ ಕನ್ನಡಿ ಆಟ, ಕೋಲಿನ ಆಟ ಎಲ್ಲ ಇರಲಿ, ಮಗ್ಗಿಯನ್ನೂ ಸ್ವಲ್ಪ ಕಲಿಸು. ಆನೆಯ ಜ್ವರ ಅಳೆದು ಯಾರೂ ಹೊಟ್ಟೆ ಹೊರೆದಿಲ್ಲ.

ಅಕ್ಕ


ಆಗಸ್ಟ್ ೨೦

ಅಕ್ಕ,

ಸಂತೋಷದ ಸುದ್ದಿ. ಮಿಡತೆ ಬಾಯಿ ಬಿಟ್ಟಳು. ಪ್ರಶ್ನೆ ಕುರ್ಚಿಯ ದಿನ, ಎಲ್ಲರ ಎದುರಿಗೆ. ಏನಂದಳು ಎಂದು ಕೇಳಬೇಡ. ಆ ಕೋಣೆಯ ಮಾತು ಆ ಕೋಣೆಯಲ್ಲೇ ಇರಬೇಕು ಎಂದು ಮಕ್ಕಳಿಗೆ ಮಾತು ಕೊಟ್ಟಿದ್ದೇನೆ.

ಅಲ್ಲಿಂದ ಕಟ್ಟೆ ಒಡೆದ ಹಾಗೆ. ಮೊನ್ನೆ ಕೋಲು ಅವಳ ಕೈಗೆ ಬಂದಾಗ ಅದನ್ನು ನೆಲಕ್ಕೆ ನೆಟ್ಟು, ‘ಇದು ದಾರಿ ತಪ್ಪಿದವರಿಗೆ ಬೈಯೋ ದೀಪದ ಕಂಬ’ ಅಂದಳು. ಮಕ್ಕಳೆಲ್ಲ ದಾರಿ ತಪ್ಪಿದವರಾಗಿ ಬಂದು ಅದರ ಕೈಲಿ ಬೈಸಿಕೊಂಡರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಡ್‌ಮಾಸ್ತರು ತಾವೂ ಒಂದು ಸಲ ಬೈಸಿಕೊಂಡು ಹೋದರು. ಹಾಸಿಗೆ ಒಣಗಿದೆ. ಊಟ ಮಾಡುತ್ತಾಳೆ. ಕೋಳಿ ದಿನವೂ ನಡೆಯುತ್ತಿದೆ.

ಇನ್ನೂ ಕೆಲವು ತಿಳಿಯಬೇಕು. ಕೆಲಸದಿಂದ ಬಂದಾಗ ನೀನು ಅವಳಿಗೆ ಮೊದಲು ಏನನ್ನುತ್ತಿದ್ದೆ? ಚೀಲ ಎಲ್ಲಿಡುತ್ತಿದ್ದೆ? ಸುಸ್ತಾದಾಗ ಯಾವ ಕೈಯಲ್ಲಿ ಹಣೆ ಒತ್ತಿಕೊಳ್ಳುತ್ತಿದ್ದೆ? ಸಣ್ಣ ವಿಷಯ ಎಂದು ಬಿಡಬೇಡ. ಮಕ್ಕಳು ಸಣ್ಣದನ್ನೇ ನೋಡುವುದು.

ತಂಗಿ


ಸೆಪ್ಟೆಂಬರ್ ೮

ತಂಗೀ,

ನಿನ್ನ ಕಾಗದವನ್ನು ಡಾಕ್ಟರಿಗೆ ಓದಿ ಹೇಳಿದೆ. ಬೈಯುವ ದೀಪದ ಕಂಬ ಅವರಿಗೆ ಬಹಳ ಹಿಡಿಸಿತು. ನನ್ನದೇ ಮಗಳು, ಬೈಗುಳ ರಕ್ತದಲ್ಲೇ ಬಂದಿದೆ.

ಕೇಳಿದ್ದಕ್ಕೆ ಉತ್ತರ: ಚೀಲ ಬಾಗಿಲ ಎಡಗಡೆ ನೆಲದ ಮೇಲೆ. ಹಣೆ ಒತ್ತಿಕೊಳ್ಳುವುದು ಎಡಗೈಯ ಹಿಂಭಾಗದಲ್ಲಿ, ಬೆರಳಿಗೆ ಔಷಧಿ ವಾಸನೆ ಇರುತ್ತದಲ್ಲ. ಒಳಗೆ ಬಂದ ಕೂಡಲೇ, ‘ಮನೇಲಿ ಯಾರಾದ್ರೂ ಸಣ್ಣವರು ಇದ್ದಾರಾ?’ ಎಂದು ಕೇಳುತ್ತಿದ್ದೆ. ಅವಳು ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದಳು. ನೀನು ನನ್ನ ಅಭ್ಯಾಸಗಳನ್ನು ಅವಳಿಗೆ ನೆನಪಿಸಿ ಹೇಳುತ್ತಿದ್ದೀಯಲ್ಲ, ಒಳ್ಳೆಯದಾಯಿತು. ಮರೆತುಬಿಟ್ಟರೆ ಎಂಬ ಭಯವಿತ್ತು.

ನಿನ್ನ ಲಕೋಟೆಯಲ್ಲಿ ಅವಳು ಒಂದು ಚಿತ್ರ ಇಟ್ಟಿದ್ದಳು, ನೋಡಿದೆಯಾ? ನಾನು ಮಂಚದ ಮೇಲೆ ಕೂತಿದ್ದೇನೆ, ನನ್ನ ಮೈತುಂಬ ಹಸಿರು. ಕೆಳಗೆ ದೊಡ್ಡ ಅಕ್ಷರದಲ್ಲಿ, ‘ಅಮ್ಮ ಗುರುವಾರ ನೀನು ಬಂದಾಗ ನಿನ್ನ ಕೈ ತಣ್ಣಗಿತ್ತು’ ಎಂದು ಬರೆದಿದ್ದಾಳೆ. ಎಂಥ ಕಲ್ಪನೆ ನೋಡು! ನಾನು ಹೋದ ಮೇಲೂ ನನ್ನ ಕೈಯ ತಂಪು ಅವಳ ಮೈಯಲ್ಲಿ ಉಳಿದಿದೆ. ಅದನ್ನು ನೋಡಿ ಅತ್ತುಬಿಟ್ಟೆ, ನಿಜ ಹೇಳುತ್ತೇನೆ. ನಿನ್ನ ಕೆಲಸವನ್ನು ಕಪ್ಪೆ ಕುಣಿಸುವುದು ಎಂದೆ, ಆ ಮಾತನ್ನು ವಾಪಸು ತೆಗೆದುಕೊಂಡೆ. ಚಿತ್ರವನ್ನು ಮಂಚದ ಪಕ್ಕ ಅಂಟಿಸಿದ್ದೇನೆ.

ಅಕ್ಕ


ಅಕ್ಟೋಬರ್ ೨

ಅಕ್ಕ,

ಚಿತ್ರ ನೋಡಿದ್ದೆ. ಮಕ್ಕಳ ಕಲ್ಪನೆಗೆ ಬಾಗಿಲು ತೆರೆದರೆ ಹಾಗೆಯೇ. ಅದಕ್ಕೆ ಅಷ್ಟೊಂದು ಅಳಬೇಡ.

ಕಳೆದ ವಾರ ಬೇರೆ ಶಾಲೆಗಳ ಶಿಕ್ಷಕರು ನನ್ನ ತರಗತಿ ನೋಡಲು ಬಂದಿದ್ದರು. ಗೋಡೆಗೆ ಒರಗಿ ಕೈಕಟ್ಟಿ ನಿಂತವರು ಕೊನೆಗೆ ಚಾಪೆಯ ಮೇಲೆ ಕೂತು ಮಕ್ಕಳ ಜೊತೆ ಬಿಸಿ ನೆಲದ ಮೇಲೆ ನಡೆಯುವ ಆಟ ಆಡಿದರು. ಮಿಡತೆ ಅವರ ಕಣ್ಣಿಗೆ ಬಿದ್ದಳು. ‘ಯಾರ ಮಗು ಇದು?’ ಎಂದು ಒಬ್ಬರು ಕೇಳಿದರು. ನಮ್ಮ ಮನೆಯ ಮಗು ಎಂದೆ. ಸುಳ್ಳೇನಲ್ಲವಲ್ಲ.

ನೀನು ವಾಪಸು ತೆಗೆದುಕೊಂಡ ಮಾತನ್ನು ಎಲ್ಲಿಟ್ಟೆ? ನನಗೆ ಬೇಕಿತ್ತು. ಅದಕ್ಕಿಂತ ಹಳೆಯದೊಂದಿದೆ, ಅದನ್ನೂ ತೆಗೆದುಕೊಳ್ಳುತ್ತೀಯಾ? ನನ್ನ ಮೊದಲ ನಾಟಕ. ನಾನು ರಾಣಿ. ನೀನು ಮುಂದಿನ ಸಾಲು. ನನ್ನ ಕಿರೀಟ ಕಣ್ಣಿನ ಮೇಲೆ ಜಾರಿದಾಗ ಸಭೆಯೆಲ್ಲ ಸುಮ್ಮನಿತ್ತು. ನೀನೊಬ್ಬಳು ಕಿಸಕ್ಕೆಂದು ನಕ್ಕೆ. ಆಮೇಲೆ ಎಲ್ಲರೂ ನಕ್ಕರು. ನಾನು ಮಾತು ಮರೆತೆ, ತಂಡದವರು ನನ್ನನ್ನು ಮರೆತರು. ಹೀಗೇ ನೆನಪಾಯಿತು. ನಿನ್ನ ಮಗಳು ಎಷ್ಟು ಧೈರ್ಯವಾಗಿ ಆಡುತ್ತಾಳೆ ಎಂದು ನೋಡುವಾಗ.

ತಂಗಿ


ಅಕ್ಟೋಬರ್ ೨೫

ತಂಗೀ,

ಹುಡುಗಿಯಾಗಿದ್ದಾಗಿನ ಒಂದು ನಗುವನ್ನು ಇಷ್ಟು ವರ್ಷ ಜೋಪಾನ ಮಾಡಿದ್ದೀಯ. ಅದಿರಲಿ.

ನನಗೆ ಮಿಡತೆಯಿಂದ ಕಾಗದ ಬಂದಿದೆ. ನಿನ್ನ ಲಕೋಟೆಯಲ್ಲಲ್ಲ. ಅವಳ ಕ್ಲಾಸ್ ಟೀಚರು ಕಾಗದ ಬರೆಯುವ ಪಾಠಕ್ಕೆ ಎಲ್ಲ ಮಕ್ಕಳಿಂದಲೂ ಒಂದೊಂದು ಬರೆಸಿ ಅಂಚೆಗೆ ಹಾಕಿಸಿದ್ದಾರಂತೆ. ಅದರಲ್ಲಿರುವುದನ್ನು ಹಾಗೇ ಬರೆಯುತ್ತೇನೆ, ಓದಿಕೋ. ‘ಅಮ್ಮ, ನಿನಗೆ ಅಲ್ಲಿ ಯಾರೂ ಅಮ್ಮ ಅನ್ನಲ್ಲ ಅದಕ್ಕೆ ಚೆನ್ನಾಗಿ ನಿದ್ದೆ ಬರುತ್ತೆ ಅಂತ ಹೇಳಿದೆಯಲ್ಲ. ನಾನು ಮೆತ್ತಗೆ ಕರೀತೀನಿ. ನಿನ್ನೆ ನೀನು ಬಟ್ಟೆ ಮಡಿಸುವಾಗ ಕರೆದೆ, ನಿನಗೆ ಕೇಳಿಸಲಿಲ್ಲ.’

ಆ ಮಾತನ್ನು ಈ ಪ್ರಪಂಚದಲ್ಲಿ ಒಬ್ಬಳಿಗೇ ಬರೆದಿದ್ದೆ. ನಿನ್ನ ಹೊಟ್ಟೆಯಲ್ಲಿಟ್ಟುಕೋ ಎಂದಿದ್ದೆ.

ಇದು ಕಲ್ಪನೆಯಲ್ಲ. ಹಸಿರು ಬಣ್ಣ ಕಲ್ಪನೆಯಲ್ಲ. ತಣ್ಣನೆಯ ಕೈ ಕಲ್ಪನೆಯಲ್ಲ. ನನ್ನ ಮನೆಯ ಬೀಗದ ಕೈಗಳನ್ನು ಒಂದೊಂದಾಗಿ ನಾನೇ ಲಕೋಟೆಯಲ್ಲಿ ಹಾಕಿ ಕಳಿಸಿದೆ. ಚೀಲ ಎಡಗಡೆ ಎಂದೆ, ಹಣೆ ಎಡಗೈ ಎಂದೆ. ಎಂಥ ಪೆದ್ದಿ ನಾನು. ಏನು ಮಾಡುತ್ತಿದ್ದೀಯ ಅಲ್ಲಿ? ಸುತ್ತಿ ಬಳಸಿ ಬರೆಯಬೇಡ.

ಅಕ್ಕ


ನವೆಂಬರ್ ೯

ಅಕ್ಕ,

ಸುತ್ತಿ ಬಳಸುವುದಿಲ್ಲ.

ಆಗಸ್ಟಿನಲ್ಲಿ ಒಂದು ದಿನ ಪ್ರಶ್ನೆ ಕುರ್ಚಿಯಲ್ಲಿ ನಾನು ಕೂತಿದ್ದೆ. ಮುಳುಗಿದ ಹಡಗಿನ ಕ್ಯಾಪ್ಟನ್. ನಿನ್ನ ಮಗಳು ಚೀಲದಿಂದ ನಿನ್ನ ಹಸಿರು ಶಾಲು ತೆಗೆದಳು. ಮನೆಯಿಂದ ಯಾವಾಗ ತಂದಿದ್ದಳೋ. ನನ್ನ ತಲೆಯ ಟೋಪಿ ತೆಗೆದಿಟ್ಟು, ಹಿಂದಿನಿಂದ ಬಂದು ನನಗೆ ಶಾಲು ಹೊದಿಸಿದಳು. ಎದುರಿಗೆ ಬಂದು ನಿಂತು, ‘ಅಮ್ಮ, ಯಾಕೆ ಹೋದೆ?’ ಎಂದು ಕೇಳಿದಳು. ಅಷ್ಟು ದಿನ ಮೂಗಿಯ ಹಾಗಿದ್ದ ಮಗುವಿನ ಮೊದಲ ಮಾತು. ಶಾಲು ಕಿತ್ತು ಹಾಕಿ ಅವಳ ಬಾಯಿಗೆ ಮತ್ತೆ ಬೀಗ ಜಡಿಯಬೇಕಿತ್ತೇ? ಕೆಲಸಕ್ಕೆ ಹೋದೆ ಅಂದೆ. ನಿನ್ನ ದನಿ ನನಗೆ ಬರುತ್ತದೆ. ಚಿಕ್ಕಂದಿನಿಂದ ನಿನ್ನ ನೆರಳಲ್ಲೇ ಬೆಳೆದವಳಿಗೆ ಇನ್ನೇನು ಬರಬೇಕು?

ಆಮೇಲೆ ಮನೆಯಲ್ಲೂ. ಸಂಜೆ ಸ್ವಲ್ಪ ಹೊತ್ತು. ಅವಳಿಗೆ ಅದು ನಾನೇ ಎಂದು ಗೊತ್ತು. ಮಕ್ಕಳಿಗೆ ಆಟವೆಂದು ಗೊತ್ತಿದ್ದೇ ನಂಬಿಕೆ ಬರುವುದು, ನಿನಗದು ಅರ್ಥವಾಗುವುದಿಲ್ಲ. ಒಂದು ಸಂಜೆ, ‘ಅಲ್ಲಿ ನಿಂಗೆ ಅಳು ಬರುತ್ತಾ?’ ಅಂದಳು. ಬರುತ್ತೆ ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಪಾತ್ರದಲ್ಲಿ ಸುಳ್ಳು ಹೇಳುವಂತಿಲ್ಲ. ಅಷ್ಟರವರೆಗೆ ನೀನು ಅಳುತ್ತೇನೆಂದು ನನಗೆ ಬರೆದಿರಲಿಲ್ಲ, ನಿದ್ದೆ ಬಂತು ಎಂದು ಬರೆದಿದ್ದೆ. ಇದ್ದದ್ದನ್ನು ಹೇಳಿದೆ.

ನನಗೆ ಪಶ್ಚಾತ್ತಾಪವಿಲ್ಲ. ನಿನ್ನ ಮಗಳು ಮಾತಾಡುತ್ತಾಳೆ, ತಿನ್ನುತ್ತಾಳೆ, ಹಾರುತ್ತಾಳೆ. ನೀನಿದ್ದಾಗ ದಿನಕ್ಕೆ ಎಷ್ಟು ಹೊತ್ತು ಅವಳ ಅಮ್ಮನಾಗಿರುತ್ತಿದ್ದೆ? ಡ್ಯೂಟಿ ಮುಗಿಸಿ, ಸುಸ್ತಾಗಿ, ಎಡಗೈಯಲ್ಲಿ ಹಣೆ ಒತ್ತಿಕೊಂಡು. ನಾನು ನಿನ್ನನ್ನು ನಿನಗಿಂತ ಚೆನ್ನಾಗಿ ಮಾಡುತ್ತೇನೆ. ನಂಬಿಕೆಯಿಲ್ಲದಿದ್ದರೆ ಬಂದು ನೋಡು.

ತಂಗಿ


ನವೆಂಬರ್ ೨೧

ಬರುತ್ತೇನೆ. ಹೊಸ ವರ್ಷದ ಮೊದಲ ವಾರ ರಜೆ ಸಿಕ್ಕಿದೆ. ಅವಳಿಗೆ ಮೊದಲೇ ಹೇಳಬೇಡ. ಆ ಶಾಲನ್ನು ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕು. ಇದು ಅಕ್ಕ ತಂಗಿಗೆ ಹೇಳುವ ಮಾತಲ್ಲ, ತಾಯಿ ಹೇಳುವ ಮಾತು.


ಜನವರಿ ೧೩

ತಂಗೀ,

ನಾಲ್ಕು ದಿನ ಒಂದೇ ಸೂರಿನಡಿ ಇದ್ದೂ ನಾವಿಬ್ಬರೂ ಈ ವಿಷಯ ಆಡಲಿಲ್ಲ. ಈಗ ವಾಪಸು ಬಂದು ಕೂತು ಬರೆಯುತ್ತಿದ್ದೇನೆ. ಆ ಕೋಣೆಯಲ್ಲಿ ನಡೆದದ್ದನ್ನು ನೀನು ನಿನ್ನ ಜಾಗದಿಂದ ನೋಡಿದೆ. ಕುರ್ಚಿಯಿಂದ ಹೇಗೆ ಕಂಡಿತು ಎಂದು ಹೇಳುತ್ತೇನೆ.

ಬಸ್ಸಿಳಿದವಳೇ ಮನೆಗೂ ಹೋಗದೆ ಶಾಲೆಗೆ ಬಂದೆ. ಬಾಗಿಲು ತಳ್ಳಿದೆ. ರಬ್ಬರಿನ ವಾಸನೆ ನೀನು ಬರೆದ ಹಾಗೇ ಇತ್ತು. ಅವಳು ಬೆಳೆದಿದ್ದಾಳೆ, ಮುಂದಿನ ಹಲ್ಲು ಬಿದ್ದಿದೆ. ಅದನ್ನು ನೀನು ಬರೆದಿರಲಿಲ್ಲ. ನಾನು ತೋಳು ಚಾಚಿದೆ. ಅವಳು ಓಡಿ ಬರಲಿಲ್ಲ. ನನ್ನನ್ನು ನೋಡಿದಳು, ನಿನ್ನನ್ನು ನೋಡಿದಳು, ಆಮೇಲೆ ಕುರ್ಚಿಯನ್ನು ದರದರ ಎಳೆದು ತಂದು ನಡುವೆ ಇಟ್ಟು, ‘ಕೂತ್ಕೊಳ್ಳಿ’ ಅಂದಳು. ಕೂತೆ. ನಗುತ್ತಲೇ ಕೂತೆ, ಏನೋ ಆಟ ಕಟ್ಟುತ್ತಿದ್ದಾಳೆ ಎಂದು. ಕಿಟಕಿಯ ಪಕ್ಕದಿಂದ ಹಸಿರು ಶಾಲು ತಂದು ನನಗೆ ಹೊದಿಸಿದಳು. ಪೆಟ್ಟಿಗೆಯಲ್ಲಿ ಹಾಕು ಎಂದಿದ್ದೆ, ನೀನು ಹಾಕಿರಲಿಲ್ಲ.

ಒಬ್ಬ ಹುಡುಗ ನೀವು ಯಾರು ಎಂದು ಕೇಳಿದ. ಇವಳ ಅಮ್ಮ ಎಂದೆ. ಅವಳು ನನ್ನ ಕೈ ಹಿಡಿದು ನೋಡಿದಳು. ಬಿಸಿಲಲ್ಲಿ ಬಸ್ಸಿನ ಕಂಬಿ ಹಿಡಿದು ಬಂದ ಕೈ. ಅವಳು ಹುಟ್ಟಿದಾಗಿನಿಂದ ಮೊದಲ ಸಲ ತೊಳೆಯದೆ ಮುಟ್ಟಿದೆ. ‘ಬೆಚ್ಚಗಿದೆ’ ಎಂದು ಮಕ್ಕಳಿಗೆ ಹೇಳಿದಳು. ಆಮೇಲೆ, ‘ಕೋಳಿ ಏನು ಕೇಳುತ್ತೆ?’ ಅಂದಳು. ನನಗೆ ಗೊತ್ತಿರುವ ಉತ್ತರ, ನಾನೇ ಕಟ್ಟಿದ ಮಾತು. ಹೇಳಲು ಹೋದವಳು ಅತ್ತುಬಿಟ್ಟೆ. ನಿನ್ನ ಕೋಣೆಯಲ್ಲಿ ಅದು ತಪ್ಪು. ಅವಳು ನಿನ್ನ ಕಡೆ ತಿರುಗಿದಳು.

‘ಟೀಚರ್, ಇವರಿಗೆ ಅಮ್ಮ ಮಾಡೋಕೆ ಬರಲ್ಲ.’

ಮಕ್ಕಳು ಚಪ್ಪಾಳೆ ತಟ್ಟಿದರು, ನಿಯಮದಂತೆ. ಅವಳು ನನ್ನ ಭುಜದಿಂದ ಶಾಲು ತೆಗೆದು ನೀಟಾಗಿ ಮಡಿಸಿದಳು. ನನ್ನ ಮೊಣಕಾಲು ತಟ್ಟಿ, ‘ಪರವಾಗಿಲ್ಲ, ಮೊದಲನೇ ಸಲ ಎಲ್ರಿಗೂ ಹಾಗೇ ಆಗುತ್ತೆ. ನೀವು ಚೆನ್ನಾಗಿ ಪ್ರಯತ್ನ ಮಾಡಿದ್ರಿ’ ಅಂದಳು. ಹೆದರಿದ ಮಕ್ಕಳಿಗೆ ನೀನು ಹೇಳುವ ಮಾತಿರಬೇಕು ಅದು. ನೀವು ಅಂದಳು, ತಂಗೀ. ನನ್ನ ಮಗಳು ನನ್ನನ್ನು ನೀವು ಅಂದಳು. ಆ ನಾಲ್ಕು ದಿನವೂ ಹಾಗೇ ಅಂದಳು. ಅನ್ನ ಬಡಿಸಲು ಹೋದರೆ, ‘ಸಾಕು’ ಎಂದು ಮರ್ಯಾದೆಯಿಂದ ಕೈ ಅಡ್ಡ ಹಿಡಿದಳು.

ಅವಳಿಗೆ ನಾನು ಯಾರೆಂದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆರಿಸಿಕೊಂಡದ್ದು ನಿನ್ನನ್ನು. ಗೋಡೆಯ ಈಚೆ ಮಲಗಿ ‘ಹೊಟ್ಟೇಲಿ’ ಎಂಬ ಅವಳ ನಗು ಕೇಳಿಸಿಕೊಂಡೆ. ಅದಕ್ಕೇ ರಜೆ ಮುಗಿಯುವ ಮೊದಲೇ ಹೊರಟೆ.

ಒಂದನ್ನು ಒಪ್ಪುತ್ತೇನೆ. ನಾನು ಕುರ್ಚಿಯಲ್ಲಿ ಅಳುವಾಗ ನೀನು ನಗಲಿಲ್ಲ. ನಕ್ಕಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು, ಅದು ನಿನಗೆ ಗೊತ್ತಿತ್ತು.

ಅಕ್ಕ


ಫೆಬ್ರವರಿ ೨೬

ಅಕ್ಕ,

ನೀನು ಹೋದ ದಿನ ನಾನು ಗೆದ್ದೆ ಎಂದುಕೊಂಡಿದ್ದೆ. ಮುಚ್ಚಿಡುವುದಿಲ್ಲ. ಆ ಸಂಜೆ ನನ್ನ ಬಾಯಲ್ಲಿ ಹಾಡು ಬಂತು.

ಈಗ ಕೇಳು. ಅವಳು ನನಗೆ ಶಾಲು ತೆಗೆಯಲು ಬಿಡುವುದಿಲ್ಲ. ಮೊದಲು ಸಂಜೆ ಮಾತ್ರ ಇತ್ತು. ಈಗ ಬೆಳಿಗ್ಗೆ ಎದ್ದ ಕೂಡಲೇ ಮೊಳೆಯಿಂದ ತಂದು ಹಾಸಿಗೆಯ ಮೇಲೇ ಹೊದಿಸುತ್ತಾಳೆ. ಸ್ನಾನಕ್ಕೆ ಹೋದರೆ ಬಾಗಿಲಲ್ಲಿ ಹಿಡಿದುಕೊಂಡು ನಿಂತಿರುತ್ತಾಳೆ. ಬಿಸಿಲು ಶುರುವಾಗಿದೆ, ಕತ್ತೆಲ್ಲ ಬೆವರುಸಾಲೆ. ಶಾಲು ತೆಗೆದರೆ ಅವಳ ಪಾಲಿಗೆ ನಾನು ಟೀಚರ್. ಚಿಕ್ಕಮ್ಮ ಎಂಬ ಮಾತೇ ಅವಳ ಬಾಯಲ್ಲಿ ಉಳಿದಿಲ್ಲ. ಮೊನ್ನೆ ನನಗೆ ಜ್ವರ. ಶಾಲು ಒಗೆಯಲು ಹಾಕಿ ಮಲಗಿದ್ದೆ. ಬಾಗಿಲಲ್ಲಿ ನಿಂತು ಅಮ್ಮ ಎಲ್ಲಿ ಎಂದು ಕೇಳಿದಳು. ನಾನೇ ಇದ್ದೀನಲ್ಲ ಬಾ ಅಂದೆ. ‘ನೀವಲ್ಲ’ ಅಂದಳು. ಒದ್ದೆ ಶಾಲಿನ ಕೆಳಗೆ, ಹಗ್ಗದ ಹತ್ತಿರ ಹೋಗಿ ಕೂತಳು. ನನಗೆ ಒಂದು ಲೋಟ ನೀರು ಕೊಡಲು ಮನೆಯಲ್ಲಿ ಯಾರೂ ಇರಲಿಲ್ಲ.

ತರಗತಿಯಲ್ಲೂ ಅವಳಿಗೆ ಬೇರೆ ಆಟ ಬೇಡ. ಶಿಲೆಯಾಗು ಎಂದರೆ ನನ್ನ ಪಕ್ಕ ಬಂದು ಶಾಲಿನ ತುದಿ ಹಿಡಿದು ನಿಲ್ಲುತ್ತಾಳೆ. ನಿನ್ನೆ ವೃತ್ತದಲ್ಲಿ ಕೋಲು ಅವಳ ಕೈಗೆ ಬಂತು. ಎಲ್ಲರೂ ಕಾದರು. ‘ಇದು ಕೋಲು’ ಅಂದು ಮುಂದಕ್ಕೆ ದಾಟಿಸಿದಳು. ಬೈಯುವ ದೀಪದ ಕಂಬ ನೆಟ್ಟ ಹುಡುಗಿ, ಅಕ್ಕ. ಹೆಡ್‌ಮಾಸ್ತರು ಬಾಗಿಲಲ್ಲಿದ್ದರು, ಅಲ್ಲಿಂದಲೇ ವಾಪಸು ಹೋದರು. ನಾನು ಹದಿನಾರು ಮಕ್ಕಳ ಕಲ್ಪನೆ ತೆರೆದು, ನಮ್ಮ ಮನೆಯ ಮಗುವಿನದನ್ನು ಒಂದು ಬಟ್ಟೆಯಲ್ಲಿ ಕಟ್ಟಿಬಿಟ್ಟೆ.

ನಿನ್ನ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಮುಗಿಯಿತು. ದಿನವೂ ಹೊಸದು ಕೇಳುತ್ತಾಳೆ. ಅಮ್ಮ ಚಿಕ್ಕವಳಿದ್ದಾಗ ಏನು ಮಾಡುತ್ತಿದ್ದಳು, ನಾನು ಹುಟ್ಟಿದ ದಿನ ಅಮ್ಮ ಏನಂದಳು. ತಪ್ಪು ಹೇಳಿದರೆ ಅವಳಿಗೆ ಗೊತ್ತಾಗುತ್ತದೆ. ‘ಸರಿ’ ಎಂದು ಬೆನ್ನು ತಿರುಗಿಸಿ ಬಟ್ಟೆ ಮಡಿಸಲು ಕೂರುತ್ತಾಳೆ. ನಿನ್ನ ಹಾಗೇ. ಏನಾದರೂ ಬರೆದು ಕಳಿಸು. ಬೈದು ಬರೆದರೂ ಸರಿ. ಅವಳಿಗೆ ನಾನು ಬೇಡ, ನನ್ನ ಮೈಮೇಲಿರುವ ನೀನು ಬೇಕು.

ತಂಗಿ


ಮಾರ್ಚ್ ೧೭

ತಂಗೀ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ಮಗುವಿಗಾಗಿ, ಎರಡನೇ ಸಲ ಖುಷಿಗೆ. ಅದನ್ನೂ ಮುಚ್ಚಿಡುವುದಿಲ್ಲ.

ನಾನು ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಗಣಿಯವರ ಹತ್ತಿರ ಮಾತಾಡಿ, ಹೊಸದಾಗಿ ಕಟ್ಟಿದ ಸಾಲಿನಲ್ಲಿ ನನಗೊಂದು ಮನೆ ಕೊಡಿಸಿದ್ದಾರೆ. ಮಕ್ಕಳನ್ನು ಇಟ್ಟುಕೊಳ್ಳಬಹುದು. ಹತ್ತಿರ ಒಂದು ಶಾಲೆಯಿದೆ. ಅಲ್ಲಿ ನಾಟಕದ ಕೋಣೆಯಿಲ್ಲ, ವಿಚಾರಿಸಿಕೊಂಡೆ. ಮೇ ಕೊನೆಯಲ್ಲಿ ಬಂದು ಅವಳನ್ನು ಕರೆದುಕೊಂಡು ಹೋಗುತ್ತೇನೆ.

ಅವಳು ನನ್ನ ಜೊತೆ ಬರುವುದಿಲ್ಲ ಎಂದು ನನಗೂ ಗೊತ್ತು. ಎಳೆದುಕೊಂಡು ಹೋದರೆ ಮತ್ತೆ ಮೂಗಿಯಾಗುತ್ತಾಳೆ. ಆದ್ದರಿಂದ ನೀನು ಕೇಳಿದ ಹೊಸ ದೃಶ್ಯ ಕಳಿಸುತ್ತಿದ್ದೇನೆ. ಇದೊಂದೇ ಉಳಿದಿರುವುದು.

ಆ ದಿನ ಬೆಳಿಗ್ಗೆ ತಣ್ಣೀರಿನಲ್ಲಿ ಕೈ ತೊಳೆದುಕೋ. ಶಾಲು ಹೊದ್ದುಕೋ. ಪ್ರಶ್ನೆ ಕುರ್ಚಿಯಲ್ಲಿ ಕೂತು ಅವಳನ್ನು ಎದುರಿಗೆ ನಿಲ್ಲಿಸಿಕೋ. ಅಮ್ಮ ಹೋಗುತ್ತಿದ್ದಾಳೆ, ಇನ್ನು ಬರುವುದಿಲ್ಲ, ಹೊರಗೆ ಒಬ್ಬರು ನಿಂತಿದ್ದಾರೆ, ಅವರ ಜೊತೆ ಹೋಗು ಎಂದು ಹೇಳು. ಯಾಕೆ ಎಂದು ಕೇಳುತ್ತಾಳೆ. ಇದ್ದದ್ದನ್ನು ಹೇಳು. ಅಮ್ಮನಾಗಿ ಆಡಿ ಆಡಿ ನಿನಗೆ ಸಾಕಾಗಿದೆ, ಸೆಕೆಯಾಗುತ್ತಿದೆ, ಯಾರೂ ಅಮ್ಮ ಅನ್ನದಿದ್ದರೆ ನಿದ್ದೆ ಬರುತ್ತದೆ. ಸುಳ್ಳು ಹೇಳುವಂತಿಲ್ಲವಲ್ಲ. ಅಳುವಂತೆಯೂ ಇಲ್ಲ. ಅವಳು ಕಾಲು ಹಿಡಿದುಕೊಂಡರೆ ಶಾಲು ತೆಗೆದು, ನಾನು ಟೀಚರ್, ಇದು ಆಟ ಎಂದು ತಪ್ಪಿಸಿಕೊಳ್ಳಬೇಡ. ಬಸ್‌ಸ್ಟ್ಯಾಂಡಿನಲ್ಲಿ ನನಗೆ ಹಾಗೆ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಅವಳು ನಿನ್ನನ್ನು ನೋಡುವುದನ್ನು ನಿಲ್ಲಿಸುವ ತನಕ ಕೂತಿರು. ನಿಲ್ಲಿಸುತ್ತಾಳೆ. ಬಹಳ ಕಾಲ ನೋಡುವುದಿಲ್ಲ. ನನಗೆ ಅನುಭವವಿದೆ.

ನಾನು ಬಾಗಿಲ ಹೊರಗೆ ನಿಂತಿರುತ್ತೇನೆ. ಅವಳ ಅಮ್ಮನಾಗಿ ಅಲ್ಲ. ಆ ಪಾತ್ರ ನನಗೆ ಬರುವುದಿಲ್ಲ ಎಂದು ಹೇಳಿದ್ದಾಳಲ್ಲ. ಅವಳಿಗೆ ಅನ್ನ ಹಾಕುವ, ತಲೆ ಬಾಚುವ ಒಬ್ಬ ಹೆಂಗಸಾಗಿ. ನೀವು ಅಂದರೆ ಅನ್ನಲಿ. ನೀನೂ ಅಲ್ಲಿಂದಲೇ ಶುರು ಮಾಡಿದ್ದು, ನಾನೂ ಕಲಿಯುತ್ತೇನೆ.

ಶಾಲು ನಿನಗೇ ಇರಲಿ.

ಚೆನ್ನಾಗಿ ಆಡು. ಈ ಸಲ ನಾನು ನಗುವುದಿಲ್ಲ.

ಅಕ್ಕ